ಬಿಟ್ಟು ಬಂದ ಎಣ್ಣೆ

ಆರು ವರ್ಷದಿಂದ ಕೆರೆದಂಡೆಯ ಕ್ಯಾಂಪಿಗೆ ಹೊರಟಾಗಲೆಲ್ಲ ಹನ್ನೊಂದು ಜನರ ಹೊಟ್ಟೆಯ ಉಸ್ತುವಾರಿ ದೊಡ್ಡ ಸೊಸೆಯದೇ. ಅವಳು ದರ್ಜಿ. ಬಟ್ಟೆಯಂತೆಯೇ ಅಕ್ಕಿ, ಆಲೂಗಡ್ಡೆ, ಮೊಟ್ಟೆಯೂ ಅವಳಿಗೆ ಕಣ್ಣಳತೆಯ ಲೆಕ್ಕ. ಒಂದು ವರ್ಷ ಬ್ರೆಡ್ಡು ಸಾಲುತ್ತಿರಲಿಲ್ಲ, ಇನ್ನೊಂದು ವರ್ಷ ಅರ್ಧ ಚೀಲ ಈರುಳ್ಳಿ ಮನೆಗೆ ವಾಪಸಾಗುತ್ತಿತ್ತು. ಖರ್ಚಿಗೆ ಯಾರು ಎಷ್ಟು ಕೊಟ್ಟರೆ ಅಷ್ಟು. ಆದರೂ ಎಲ್ಲರೂ “ಅಕ್ಕ ಇಲ್ದಿದ್ರೆ ನಮಗೆ ಉಪವಾಸವೇ ಗತಿ” ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ವಾರಗಟ್ಟಲೆ ಅಂಗಡಿ ಸುತ್ತುತ್ತಿದ್ದಳು.

ಈ ವರ್ಷ ಮೈದುನನಿಗೆ ಮದುವೆಯಾಗಿತ್ತು. ಅವನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. “ನಾನೂ ಒಂದು ಕೈ ಹಾಕ್ಲಾ ಅಕ್ಕ?” ಎಂದು ಕೇಳಿದಳು. ಇವಳು “ಹಾಕು” ಅಂದಳು.

ಮುಂದಿನ ಭಾನುವಾರ ಅತ್ತೆಯ ಮನೆಯ ಊಟದ ಮೇಜಿನ ಮೇಲೆ ಅವಳು ಬರೆದ ದೊಡ್ಡದೊಂದು ಹಾಳೆ ಹರಡಿತು. ಯಾವ ಹೊತ್ತಿಗೆ ಯಾವ ಊಟ, ಯಾರು ಅಡುಗೆ, ಯಾರು ಪಾತ್ರೆ, ಯಾರ ಸಾಮಾನು. ಖರ್ಚಿನಲ್ಲಿ ದೊಡ್ಡವರಿಗೆ ಇಡೀ ಪಾಲು, ಮಕ್ಕಳಿಗೆ ಅರ್ಧ, ಅತ್ತೆ ಮಾವನಿಗೆ ಏನೂ ಇಲ್ಲ. ಅತ್ತೆ ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

“ಎಷ್ಟು ಅಚ್ಚುಕಟ್ಟು! ಇಷ್ಟು ವರ್ಷ ಇದು ಯಾರಿಗೂ ಹೊಳೀಲೇ ಇಲ್ವಲ್ಲ.”

ದೊಡ್ಡ ಸೊಸೆ ಹಾಳೆಯಲ್ಲಿ ತನ್ನ ಹೆಸರು ಹುಡುಕಿದಳು. ತೀರಾ ಕೆಳಗೆ ಸಿಕ್ಕಿತು: ಅಡುಗೆ ಎಣ್ಣೆ, ಎರಡು ಲೀಟರ್. ಅಷ್ಟೇ.

“ಈ ಸಲವಾದ್ರೂ ನೀವು ಹಾಯಾಗಿರಿ ಅಂತ,” ಎಂದು ವಾರಗಿತ್ತಿ ನಕ್ಕಳು.

ಇವಳೂ ನಕ್ಕಳು, ಮೈಯೆಲ್ಲ ಉರಿಯುತ್ತಿತ್ತು. ಆ ವಾರ ಅಂಗಡಿಯಲ್ಲಿ ಎರಡು ರವಿಕೆಗೆ ತೋಳು ತಿರುಗಾಮುರುಗಾ ಕೂರಿಸಿ ಬಿಚ್ಚಿದಳು.

ಶನಿವಾರ ಬೆಳಿಗ್ಗೆ ಗಂಡ ಕಾರಿನಿಂದಲೇ ಕೂಗಿದ. “ಎಣ್ಣೆ ಇಟ್ಕೊಂಡ್ಯಾ?”

“ಹೂಂ ರೀ.”

ಎಣ್ಣೆಯ ಕ್ಯಾನು ಒಲೆಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ಚೆನ್ನಾಗಿ ನೋಡಿದಳು, ಬಾಗಿಲಿಗೆ ಬೀಗ ಹಾಕಿದಳು.

ಕೆರೆದಂಡೆಯಲ್ಲಿ ವಾರಗಿತ್ತಿ ಒಂದೊಂದು ಹೊತ್ತಿನ ಚೀಲವನ್ನೂ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದಳು. ಆಲೂಗಡ್ಡೆ ಹೆಚ್ಚಿ ಆಯಿತು, ಒಲೆ ಹತ್ತಿತು, ಮಕ್ಕಳು ತಟ್ಟೆ ಬಡಿಯತೊಡಗಿದರು. ಆಗ ಎಣ್ಣೆಯ ಹುಡುಕಾಟ ಶುರುವಾಯಿತು.

“ಅಯ್ಯೋ, ಮರೆತೇ ಹೋಯ್ತು,” ಅಂದಳು ದೊಡ್ಡ ಸೊಸೆ. ಗಂಡ ತಟ್ಟನೆ ತಿರುಗಿ ಅವಳ ಮುಖ ನೋಡಿದ.

“ಪಟ್ಟಿ ಬರೆದ್ರೆ ಹೊಟ್ಟೆ ತುಂಬುತ್ತಾ?” ಎಂದು ಮಾವ ಗೊಣಗಿದರು. ಆರು ವರ್ಷದಲ್ಲಿ ಇಷ್ಟು ಸಿಹಿಯಾದ ಮಾತನ್ನು ಅವಳು ಕೇಳಿರಲಿಲ್ಲ.

“ತಪ್ಪು ನಂದೇ ಮಾವ,” ಅಂದಳು ವಾರಗಿತ್ತಿ. “ಹೊರಡೋ ಮುಂಚೆ ಅಕ್ಕನಿಗೊಂದು ಫೋನ್ ಮಾಡ್ಬೇಕಿತ್ತು.” ಕಣ್ಣು ತುಂಬಿಕೊಂಡಿದ್ದು ಕಾಣದಿರಲೆಂದು ಒಲೆಯ ಕಡೆ ಬಗ್ಗಿದಳು.

ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ತಪ್ಪು ಹೊರುವುದರಲ್ಲೂ ಇವಳೇ ಮುಂದೆ! ಆದರೆ ಅಲ್ಲಿ ನಿಲ್ಲಲಾಗಲಿಲ್ಲ. ಬಟ್ಟಲು ಹಿಡಿದು ಪಕ್ಕದ ಡೇರೆಗಳತ್ತ ನಡೆದಳು. ಮೊದಲ ಡೇರೆಯವರು ಇಲ್ಲವೆಂದು ತಲೆಯಾಡಿಸಿಬಿಟ್ಟರು. ಎರಡನೆಯದರಲ್ಲಿ ಒಬ್ಬಾಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಕ್ಯಾಂಪಿಗೆ ಬರೋರು ಎಣ್ಣೆ ತರಲ್ವಾ?” ಎನ್ನುತ್ತಲೇ ಸುರಿದಳು.

ವಾಪಸ್ ಬಂದು ಬಟ್ಟಲನ್ನು ವಾರಗಿತ್ತಿಯ ಕೈಗಿಟ್ಟು ಮೆಲ್ಲಗೆ ಹೇಳಿದಳು. “ನಾನು ಮರೆತಿರ್ಲಿಲ್ಲ ಕಣೆ. ಬೇಕಂತಲೇ ಬಿಟ್ಟು ಬಂದೆ.”

ವಾರಗಿತ್ತಿ ಬಟ್ಟಲನ್ನು ಒಲೆಯ ಪಕ್ಕಕ್ಕೆ ಇಟ್ಟಳು. “ಮದುವೆಯಾದಾಗಿಂದ ಈ ಮನೇಲಿ ಏನು ಮಾಡಿದ್ರೂ, ಅಕ್ಕ ಆಗಿದ್ರೆ ಹೀಗೆ ಮಾಡ್ತಿದ್ಳು ಅಂತಾರೆ. ನಿಮ್ಮನ್ನ ಕಂಡ್ರೆ ನಂಗೂ ಉರಿಯುತ್ತೆ. ಆದ್ರೆ ನಾನಾಗಿದ್ರೆ ಮಕ್ಕಳನ್ನ ಹಸಿವಲ್ಲಿ ಕೂರಿಸ್ತಿರ್ಲಿಲ್ಲ, ಅಕ್ಕ.”

ದೊಡ್ಡ ಸೊಸೆ ಕುಳಿತು ಈರುಳ್ಳಿ ಹೆಚ್ಚತೊಡಗಿದಳು. ವಾರಗಿತ್ತಿ ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಾಣಲೆಯನ್ನು ಅವಳತ್ತ ಸರಿಸಿ, “ಉಪ್ಪು ನೀವೇ ಹಾಕಿ, ನಂಗೆ ಅಂದಾಜು ಸಿಗಲ್ಲ,” ಅಂದಳು.

ಊಟ ಹೊತ್ತು ಮೀರಿಯೇ ಆಯಿತು. ಮಾವ ಎರಡನೇ ಸಲ ಬಡಿಸಿಕೊಂಡು, “ಚಿಕ್ಕ ಸೊಸೆ ಕೈರುಚಿ ಪರವಾಗಿಲ್ವೇ!” ಎಂದರು. ದೊಡ್ಡವಳಿಗೆ ಎದೆಯೊಳಗೆ ಚುರುಕ್ಕೆಂದಿತು. ತಡೆದುಕೊಂಡಳು. ಇನ್ನೊಂದು ಸೌಟು ತುಂಬಿ ಮಾವನ ತಟ್ಟೆಗೆ ಹಾಕಿದಳು.