ನೀಲಿ ಬಣ್ಣದ ಡ್ರಮ್ಮು

ನಮ್ಮ ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಸಾರಾಯಿ ಇಳಿಸುತ್ತಿದ್ದದ್ದು ಟೊಳ್ಳು ಮರದ ಕೊಳವೆಯಲ್ಲಿ. ಕೆಳಗೆ ಅಂಟಕ್ಕಿ ಬೇಯಿಸಿ ಹುಳಿ ಬರಿಸಿದ ಕೊಳೆ ತುಂಬಿದ ಹಂಡೆ, ಅದರ ಮೇಲೆ ಆ ಕೊಳವೆ, ಕೊಳವೆಯ ಬಾಯಿಗೆ ತಣ್ಣೀರಿನ ಬಾಣಲೆ. ಈ ಸಲ ಸುಗ್ಗಿ ಮುಗಿಯುವ ಹೊತ್ತಿಗೆ ಆ ಮರ ಉದ್ದಕ್ಕೂ ಸೀಳಿತು. ಮಗಳು ವಿಲೈಯ ಮದುವೆ ಹತ್ತಿರ ಬಂದಿತ್ತು. ನಮ್ಮೂರಲ್ಲಿ ಮದುವೆಯ ಊಟ ಸಪ್ಪೆಯಾದರೆ ಜನ ಮರೆತುಬಿಡುತ್ತಾರೆ. ಸಾರಾಯಿ ಕೆಟ್ಟರೆ ಮೊಮ್ಮಕ್ಕಳಿಗೂ ಹೇಳುತ್ತಾರೆ. ಅದರಲ್ಲೂ ಇದು ಊರಿಗೆಲ್ಲ ಸಾರಾಯಿ ಇಳಿಸುವವಳ ಮಗಳ ಮದುವೆ.

ಡ್ರಮ್ಮು ತಂದುಕೊಟ್ಟವಳು ಕೇವ್‌ಟಾ. ಅವಳು ನನ್ನ ಸಿಯೋ. ಚಿಕ್ಕವರಿದ್ದಾಗ ಊರ ಹಿರಿಯರು ಒಂದೇ ನೂಲನ್ನು ಎರಡು ತುಂಡು ಮಾಡಿ ನಮ್ಮಿಬ್ಬರ ಮಣಿಕಟ್ಟಿಗೆ ಕಟ್ಟಿ, ಸಾಯುವ ತನಕ ಜೊತೆ ಎಂದು ಹರಸಿದ್ದರು. ಒಡಹುಟ್ಟಿದವರ ಜೊತೆ ಜಗಳ ಆಡಬಹುದು, ಸಿಯೋ ಜೊತೆ ಆಡುವ ಹಾಗಿಲ್ಲ. ಅವಳು ಕೊಟ್ಟದ್ದನ್ನು ಎಲ್ಲಿಯದು ಎಂದು ಕೇಳಬಾರದು, ತಿರುಗಿಸಿ ನೋಡಬಾರದು, ಮೂಸಬಾರದು. ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು.

ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಅಳಿಯ ರಬ್ಬರ್ ತೋಟದಿಂದ ತಂದ ಕಣೆ ಬುವಾಲಿ. ತಾಳೆಎಣ್ಣೆ ಡ್ರಮ್ಮು. ಬೂದಿ ಹಾಕಿ ಉಜ್ಜಿದ್ದೀನಿ, ಹುಣಸೆ ಹಾಕಿ ಕುದಿಸಿದ್ದೀನಿ. ಬಣ್ಣಾನೂ ಬಳಿದಿದ್ದೀನಿ ನೋಡು."

"ಭಟ್ಟಿಗೆ ಯಾಕೇ ಬಣ್ಣ? ಅದೇನು ಮದುಮಗಳಾ?"

"ಮದುಮಗಳ ಭಟ್ಟಿ ತಾನೆ! ಸ್ವಲ್ಪ ಸಿಂಗಾರ ಇರಲಿ."

ಕಡುನೀಲಿ ಬಣ್ಣ. ಎರಡು ಸಲ ಬಳಿದಿದ್ದಳು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಅವಳ ಮನೆಯ ಮುಂದೆ ಹೋಗುವಾಗ ನೋಡಿದೆ, ಹಂದಿಗಳಿಗೆ ತೌಡು ಬೇಯಿಸುವ ಒಲೆಯ ಮೇಲೂ ಅಂಥದೇ ಡ್ರಮ್ಮು ಕೂತಿತ್ತು. ಅದಕ್ಕೆ ಬಣ್ಣವಿರಲಿಲ್ಲ. ಹಳದಿ ತಾಳೆಹಣ್ಣಿನ ಚಿತ್ರ ಹಾಗೇ ಇತ್ತು. "ಹಂದಿಗೂ ಹೊಸ ಪಾತ್ರೆನಾ? ಹುಟ್ಟಿದರೆ ನಿನ್ನ ಮನೇಲಿ ಹಂದಿಯಾಗಿ ಹುಟ್ಟಬೇಕು ಕಣೆ" ಎಂದೆ. ಅವಳು ನಕ್ಕಳು. ನಾನೂ ನಗುತ್ತಲೇ ಮನೆಗೆ ಬಂದೆ.

ಡ್ರಮ್ಮಿನ ಮುಚ್ಚಳ ಕತ್ತರಿಸಿ, ಅಂಚನ್ನು ಸುತ್ತಿಗೆಯಿಂದ ಬಡಿದು, ಬಾಣಲೆ ಅಲುಗಾಡದೆ ಕೂರುವ ಹಾಗೆ ಮಾಡಿದೆ. ಕುತ್ತಿಗೆಯ ಹತ್ತಿರ ತೂತು ಕೊರೆದು ಬಿದಿರಿನ ನಳಿಗೆ ತೂರಿಸಿದೆ. ಒಳಗಡೆ, ಬಾಣಲೆಯ ತಳದ ನೇರಕ್ಕೆ, ಹಳೆಯ ಮರದ ಸೌಟನ್ನೇ ಕಟ್ಟಿದೆ. ಆವಿ ತಣ್ಣನೆಯ ಬಾಣಲೆಗೆ ತಾಗಿ ಹನಿಯಾಗಿ ಸೌಟಿಗೆ ಬೀಳಬೇಕು, ಅಲ್ಲಿಂದ ನಳಿಗೆಗೆ, ನಳಿಗೆಯಿಂದ ಮಣ್ಣಿನ ಗಡಿಗೆಗೆ. ಸಂದಿಗಳಿಗೆ ತೌಡು ಕಲಸಿ ಮೆತ್ತಿದೆ.

ಹೊಸ ಭಟ್ಟಿ ಕಟ್ಟಿದವರು ಮೊದಲು ಬರೀ ನೀರು ಹಾಕಿ ಇಳಿಸುತ್ತಾರೆ. ಆವಿ ಎಲ್ಲಿ ಸೋರುತ್ತದೆ, ನೀರಿಗೆ ಎಂಥ ವಾಸನೆ ಬರುತ್ತದೆ ಎಂದು ನೋಡಿ, ಆ ನೀರನ್ನು ಚೆಲ್ಲುತ್ತಾರೆ. ನಾನು ಅದನ್ನು ಮಾಡಲಿಲ್ಲ. ಸಿಯೋ ಕುದಿಸಿ ಕೊಟ್ಟದ್ದನ್ನು ನಾನು ಮತ್ತೆ ಕುದಿಸಿದರೆ ಅವಳ ಮುಖಕ್ಕೆ ಹೊಡೆದ ಹಾಗೆ. ಡ್ರಮ್ಮಿಗೇ ನೇರವಾಗಿ ಕೊಳೆ ಸುರಿದು ಒಲೆ ಹಚ್ಚಿದೆ.

ಕೇವ್‌ಟಾ ಬಂದು ಎದುರು ಕೂತಳು. ಬಾಣಲೆಯ ನೀರು ಬೆಚ್ಚಗಾದಾಗಲೆಲ್ಲ ಹೊಳೆಯಿಂದ ತಣ್ಣೀರು ತಂದು ಬದಲಾಯಿಸಿದಳು. ನಳಿಗೆಯ ತುದಿಯಲ್ಲಿ ಹನಿ ಕಟ್ಟಿತು. ಮೊದಲ ಬಟ್ಟಲನ್ನು ಮನೆದೈವಕ್ಕೆಂದು ನೆಲಕ್ಕೆ ಬಿಟ್ಟೆ. ಎರಡನೆಯದರಲ್ಲಿ ಒಂದು ಚೂರು ಬೆಂಕಿಗೆ ಚಿಮುಕಿಸಿದೆ. ಭಗ್ ಎಂದು ಹತ್ತಿತು.

"ಗಟ್ಟಿಯಾಗಿದೆ ಕಣೆ! ತಗೋ, ಈ ಸಲ ನೀನೇ ಮೊದಲು. ಡ್ರಮ್ಮು ನಿಂದು."

"ಬೇಡಪ್ಪ. ಇವತ್ತು ಶೀಲ ಹಿಡಿದಿದ್ದೀನಿ, ಕುಡಿಯೋ ಹಾಗಿಲ್ಲ."

"ಯಾರು, ನೀನು? ಶೀಲದ ದಿನಾನೇ ಕದ್ದು ಕುಡಿಯೋಳು! ಹುಣ್ಣಿಮೆ ಇರಲಿ, ಅರ್ಧ ಚಂದ್ರ ಕೂಡ ಆಗಿಲ್ಲ, ಇವತ್ತು ಎಂಥ ಶೀಲ?"

"ಹರಕೆ ಕಣೆ. ಮೊಮ್ಮಗಂಗೆ ಹುಷಾರಿರಲಿಲ್ಲ."

ಅವಳ ಮೊಮ್ಮಗ ಹೊಳೆದಂಡೆಯಲ್ಲಿ ಕಿರುಚಿಕೊಂಡು ಬಾತುಕೋಳಿ ಅಟ್ಟಿಸುತ್ತಿದ್ದ. ಇರಲಿ ಎಂದುಕೊಂಡು ಬಟ್ಟಲನ್ನು ಕೆಳಗಿಟ್ಟು, ಸೌದೆ ತಳ್ಳಲು ಬಗ್ಗಿದೆ.

ಉರಿ ನೆಕ್ಕುತ್ತಿದ್ದ ಕಡೆ ಬಣ್ಣ ದೋಸೆಯ ಹಾಗೆ ಗುಳ್ಳೆ ಎದ್ದಿತ್ತು. ಕೋಲಿನಿಂದ ಮುಟ್ಟಿದರೆ ಸಿಪ್ಪೆ ಸಿಪ್ಪೆಯಾಗಿ ಬಿತ್ತು. ಒಳಗೆ ಕೆಂಪು ಪಟ್ಟಿ. ಇನ್ನಷ್ಟು ಕೆರೆದೆ. ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆ. ಓದು ಬಾರದವರಿಗೂ ಗೊತ್ತಾಗಲಿ ಎಂದು ಕಳೆ ಔಷಧಿಯ ಮೇಲೆ ಹಾಕುವ ಚಿತ್ರ.

ವಾಪಸ್ಸು ಬಂದು ಅವಳ ಎದುರು ಕೂತೆ. ಬಟ್ಟಲನ್ನು ಎತ್ತಿ ಬಾಯಿಯ ಹತ್ತಿರ ತಂದೆ. ಅವಳ ಮುಖವನ್ನೇ ನೋಡಿದೆ.

ತಡೆಯುತ್ತಾಳೆ ಎಂದುಕೊಂಡಿದ್ದೆ. ಕೈ ಹಿಡಿಯುವುದೇನೂ ಬೇಡ, ನನ್ನ ಹೆಸರು ಕರೆದಿದ್ದರೂ ಸಾಕಿತ್ತು. ಅವಳು ಹೊಳೆಯ ಕಡೆ ಮುಖ ತಿರುಗಿಸಿ, ಲಂಗದ ಅಂಚಿನ ನೂಲು ಕೀಳುತ್ತಾ ಕೂತಳು.

ಬಟ್ಟಲನ್ನು ಕೆಳಗಿಟ್ಟೆ.

"ಬಣ್ಣ ಎದ್ದುಹೋಗಿದೆ ಕೇವ್‌ಟಾ."

ಅವಳು ಒಲೆಯ ಕಡೆ ನೋಡಿದಳು. "ಚೆನ್ನಾಗಿ ತೊಳೆದಿದ್ದೆ ಕಣೆ. ನಿಜವಾಗ್ಲೂ. ಏನೂ ಆಗಲ್ಲ ಅಂದ್ಕೊಂಡೆ."

"ಏನೂ ಆಗಲ್ಲ ಅಂದ್ರೆ ನೀನ್ಯಾಕೆ ಕುಡೀಲಿಲ್ಲ?"

ಅವಳು ಮತ್ತೆ ಲಂಗದ ನೂಲು ಕೀಳತೊಡಗಿದಳು.

"ಅಳಿಯ ಎರಡು ತಂದಿದ್ದ. ಒಳ್ಳೇದು ಹಂದಿಗೆ ಹೋಯ್ತು" ಎಂದೆ.

"ಹಂದಿ ಸತ್ತರೆ ನಾನು ಏನೇ ತಿನ್ನೋದು?" ಎಂದಳು. ಅಂದಮೇಲೆ ತಾನು ಏನಂದೆ ಎಂದು ಅವಳಿಗೇ ತಿಳಿಯಿತೋ ಏನೋ, ಎದ್ದು ಹೊರಟುಹೋದಳು. ಬಾಣಲೆಯ ನೀರು ಆಗಲೇ ಕಾದು ಹಬೆಯಾಡುತ್ತಿತ್ತು.

ಹೊಳೆಗೆ ಚೆಲ್ಲಿದರೆ ಮೀನಿಗೆ, ಹಿತ್ತಲಿಗೆ ಚೆಲ್ಲಿದರೆ ಕೋಳಿಗೆ. ಊರಾಚೆ ಕಲ್ಲುನೆಲದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಸುರಿದು, ಡ್ರಮ್ಮಿನ ತಳ ಒಡೆದು ಅಲ್ಲೇ ಹೂತೆ. ಮೊದಲ ಬಟ್ಟಲನ್ನು ಮನೆದೈವಕ್ಕೆ ಕುಡಿಸಿಬಿಟ್ಟಿದ್ದೆನಲ್ಲ, ಅದಕ್ಕೊಂದು ಹುಂಜ ಕೊಟ್ಟು ತಪ್ಪಾಯ್ತು ಎಂದು ಕೇಳಿಕೊಂಡೆ. ಸೀಳಿದ ಮರಕ್ಕೆ ಹಸಿ ಬೆತ್ತ ಬಿಗಿದು, ಮೇಣ ಮೆತ್ತಿ, ಈ ಸಲ ಮೊದಲು ನೀರು ಇಳಿಸಿ ನೋಡಿ, ಆಮೇಲೆ ಕೊಳೆ ಹಾಕಿದೆ. ಮರ ಅಲ್ಲಲ್ಲಿ ಸೋರುತ್ತಿತ್ತು. ಇಳಿದದ್ದು ಅರ್ಧ, ಆದರೆ ಇಳಿದದ್ದು ಚೊಕ್ಕವಾಗಿತ್ತು. ಯಾರಿಗೂ ನಾನು ಏನೂ ಹೇಳಲಿಲ್ಲ. ಮದುವೆಯ ಮನೆಯಲ್ಲಿ ವಿಷದ ಮಾತು ಹುಟ್ಟಿದರೆ ನನ್ನ ಸಾರಾಯಿಯನ್ನು ಆಮೇಲೆ ಯಾರು ಮುಟ್ಟುತ್ತಾರೆ?

ಮದುವೆಗೆ ಕೇವ್‌ಟಾ ಬಂದಳು. ಬರದೆ ಇದ್ದರೆ ಜನ ಕೇಳುತ್ತಾರಲ್ಲ. ವಿಲೈಯ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹರಸಿದಳು. ಚೆನ್ನಾಗಿಯೇ ಹರಸಿದಳು.

ಬಟ್ಟಲು ಸುತ್ತು ಬಂತು. ಮನೆಯವಳು ಮೊದಲು ಕುಡಿದು, ಅದೇ ಬಟ್ಟಲಿಗೆ ತುಂಬಿಸಿ ಕೊಡುವುದು ನಮ್ಮ ಪದ್ಧತಿ. ಎಲ್ಲರ ಎದುರು ನಾನು ಕುಡಿದೆ. ಮತ್ತೆ ತುಂಬಿಸಿ ನನ್ನ ಸಿಯೋಗೆ ಎರಡೂ ಕೈಯಲ್ಲಿ ಕೊಟ್ಟೆ.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತುಟಿಗೆ ತಂದಳು. ತಂದು, ಒಂದು ಚಣ ತಡೆದು, ಮೂಸಿ ನೋಡಿದಳು.