ದೇವರ ಪಾಲಿನ ಕೊಬ್ಬು

ಚಪ್ಪಲಿಯ ಸದ್ದು, ಒಂದು ಕಾಲು ಗಟ್ಟಿಯಾಗಿ ಇನ್ನೊಂದು ಎಳೆದುಕೊಂಡು, ಇದು ಓಡಿಬರುವವನ ಕಾಲಲ್ಲ, ನೀರು ಹೊರುವವನದು, ಅಗೋ ಕೊಡ ತುಳುಕಿತು, ಮುದುಕ ಯಾಜಕ ಮುಂದಕ್ಕೆ ಚಾಚಿದ್ದ ಕತ್ತನ್ನು ಹಿಂದಕ್ಕೆಳೆದುಕೊಂಡು ಪೀಠದ ಮೇಲೆ ಸರಿಯಾಗಿ ಕೂತ, ಸರಿಯಾಗಿ ಎಂದರೆ ಎಷ್ಟು ಸರಿ, ಮೈ ಇಷ್ಟು ಬೆಳೆದ ಮೇಲೆ ಬೆನ್ನಿಗೆ ಆಸರೆಯಿಲ್ಲದ ಈ ಪೀಠಕ್ಕೆ ಹಿಡಿಸುವುದು ಅರ್ಧ ಮನುಷ್ಯ ಮಾತ್ರ, ಉಳಿದರ್ಧ ಗಾಳಿಯಲ್ಲಿ. ಕಣ್ಣು ಹೋದ ಮೇಲೆ ಕಿವಿಯೇ ಕಣ್ಣು, ಊರ ಬಾಗಿಲಲ್ಲಿ ಬೆಳಗಿನಿಂದ ಆ ಕಿವಿಗೆ ಏನೇನೋ ಬಿತ್ತು, ಕಮ್ಮಾರನ ಸುತ್ತಿಗೆ, ಕತ್ತೆ, ಯಾರದೋ ಗಂಡ ಹೆಂಡಿರ ಜಗಳ, ಯುದ್ಧದ ಕಡೆಯಿಂದ ಮಾತ್ರ ಒಂದು ಪಿಸುಮಾತೂ ಇಲ್ಲ, ಅಲ್ಲಿ ತನ್ನ ಇಬ್ಬರು ಮಕ್ಕಳಿದ್ದಾರೆ, ದೇವರ ಮಂಜೂಷ ಇದೆ, ಪರದೆಯ ಹಿಂದೆ ಒಳಕೋಣೆಯಲ್ಲಿರಬೇಕಾದ ಪವಿತ್ರ ಪೆಟ್ಟಿಗೆ, ಸೈನ್ಯದ ಜತೆ ಹೊತ್ತುಕೊಂಡು ಹೋದರೆ ಗೆದ್ದೇ ಗೆಲ್ಲುತ್ತೇವೆ ಅಂದರು ಹಿರಿಯರು, ಮಕ್ಕಳು ಆಗಲೇ ಹೊರುವ ಕೋಲು ತೂರಿಸಿ ಎತ್ತಿಬಿಟ್ಟಿದ್ದರು, ದೇವರನ್ನು ಒಂದು ಮಾತು ಕೇಳಿದಿರೇನಪ್ಪಾ ಅನ್ನಬೇಕಿತ್ತು, ನಾಲಗೆಯ ತುದಿಗೂ ಬಂದಿತ್ತು, ಬಾಯಿಂದ ಬಿದ್ದದ್ದು ಮಾತ್ರ ಹುಷಾರು, ಮೆಟ್ಟಿಲಿದೆ, ಎಂದು, ಪಕ್ಕದ ಮನೆಗೆ ಹಂಡೆ ಎರವಲು ಕೊಡುವವರ ಹಾಗೆ.

ಅವನ ಬಾಳೆಲ್ಲ ಹೀಗೇ, ಹೇಳಬೇಕಾದದ್ದು ಗಂಟಲಲ್ಲಿ ಉಳಿದು ಇನ್ನೇನೋ ಬಾಯಿಗೆ ಬರುವುದು — ಬಲಿ ಕೊಡಲು ಬಂದವರ ಪ್ರಾಣಿಯ ಕೊಬ್ಬು ಮೊದಲು ವೇದಿಯ ಮೇಲೆ ಉರಿಯಬೇಕು, ಅದು ದೇವರ ಪಾಲು, ಹೊಗೆಯಾಗಿ ಮೇಲೆ ಹೋಗಬೇಕು, ಆಮೇಲೆ ಹಂಡೆಯಲ್ಲಿ ಬೇಯುವ ಮಾಂಸಕ್ಕೆ ಆಳು ಮೂರು ಮುಳ್ಳಿನ ಕೊಕ್ಕೆ ಅದ್ದಿದಾಗ ಸಿಕ್ಕಿದ್ದು ಯಾಜಕನಿಗೆ, ಮೂಳೆ ಸಿಕ್ಕರೆ ಮೂಳೆ, ಅವನ ಅಪ್ಪ ಮೂಳೆ ಚೀಪಿಯೇ ತೃಪ್ತನಾಗಿದ್ದ. ಇವನ ಮಕ್ಕಳೂ ಯಾಜಕರೇ, ಅವರಿಗೆ ಬೇಯಿಸಿದ್ದು ಸಪ್ಪೆಯಂತೆ. ವೇದಿಗೆ ಬೆಂಕಿ ಹತ್ತುವ ಮೊದಲೇ ಕೊಕ್ಕೆ ಹೊರಟಿತು, ಹಸಿ ಮಾಂಸಕ್ಕೆ, ಕೊಬ್ಬಿನ ಸಮೇತ, ಒಬ್ಬ ಹೆಂಗಸು ಅಂಗಳದಲ್ಲಿ ಅಂಗಲಾಚುತ್ತಿದ್ದಳು, ಅಯ್ಯಾ, ದೇವರದ್ದು ಮೊದಲು ಸುಟ್ಟುಬಿಡಿ, ಆಮೇಲೆ ಎಷ್ಟು ಬೇಕೋ ಅಷ್ಟು ತಗೊಳ್ಳಿ, ಆಳು ನಕ್ಕ, ದೇವರಿಗೆ ಹಸಿವಾಗಲ್ಲಮ್ಮಾ, ನಮ್ಮ ಯಜಮಾನರಿಗೆ ಆಗುತ್ತೆ. ಯಾಜಕ ಆಗ ಬಾಗಿಲಲ್ಲಿ ನಿಂತಿದ್ದ, ಕಣ್ಣು ಮಂಜಾಗುತ್ತಿದ್ದ ಕಾಲ, ಆದರೂ ಅದೊಂದು ನಿಚ್ಚಳವಾಗಿ ಕಂಡಿತು, ಮೂರು ಮುಳ್ಳುಗಳಿಗೆ ಸಿಕ್ಕಿ ಅದುರುತ್ತಿದ್ದ ಬಿಳಿ ಕೊಬ್ಬು, ಕಲ್ಲಿನ ಮೇಲೆ ತೊಟ್ಟಿಕ್ಕುತ್ತಾ. ಮಕ್ಕಳನ್ನು ಕರೆಸಿ ಬೈದ, ಬೈಯಲಿಲ್ಲ ಅನ್ನುವ ಹಾಗಿಲ್ಲ, ನಾಚಿಕೆಯಾಗಲ್ವಾ ನಿಮಗೆ, ಊರೆಲ್ಲ ಆಡ್ಕೊಳ್ತಿದೆ, ನನ್ನ ಮುಖಕ್ಕೆ ಮಸಿ ಬಳೀತಿದ್ದೀರಿ, ದೊಡ್ಡವನು ತಲೆ ತಗ್ಗಿಸಿ ನಿಂತ, ಚಿಕ್ಕವನು ಸುಟ್ಟ ತುಂಡುಗಳ ತಟ್ಟೆಯನ್ನು ಮುಂದೆ ಸರಿಸಿ ಆಯ್ತಪ್ಪಾ, ಬೈಯೋದು ಇದ್ದೇ ಇದೆ, ಮೊದಲು ತಿನ್ನು, ಆರಿಹೋಗುತ್ತೆ ಅಂದ. ಅವನು ತಿಂದ. ಬೈಗುಳ ಒಂದು, ತುತ್ತು ಒಂದು, ಕೊನೆಗೆ ಬೈಗುಳ ಮುಗಿಯಿತು, ತುತ್ತು ಮುಗಿಯಲಿಲ್ಲ, ಅಬ್ಬಾ ಎಂಥ ರುಚಿ ಅದು, ನೆನೆದರೆ ಈಗಲೂ ಬಾಯಲ್ಲಿ ನೀರು, ಥೂ. ಕಾವಲಿನಲ್ಲಿ ನಿದ್ದೆ ಹೋದನೆಂದು ಒಬ್ಬ ಬಡಪಾಯಿ ಬಾಗಿಲುಕಾಯುವವನನ್ನು ಕೆಲಸದಿಂದ ಕಿತ್ತುಹಾಕಿದವನು ಇದೇ ಯಾಜಕ, ಮಕ್ಕಳ ನಿಲುವಂಗಿ ಕಳಚಿಸಲು ಒಂದು ಮಾತು ಸಾಕಿತ್ತು, ಬಿಡಿ ಈ ಕೆಲಸ, ಹೋಗಿ ಹೊಲ ಉಳಿ, ಅಷ್ಟೇ.

ಆಮೇಲೆ ದೇವರ ಕಡೆಯಿಂದ ಒಬ್ಬ ಬಂದ, ಯಾವ ಊರಿನವನೋ, ಕೂರು ಅಂದರೂ ಕೂರಲಿಲ್ಲ, ತಟ್ಟೆಯ ಕಡೆ ನೋಡಿ, ನೋಡಿರಲೇಬೇಕು, ಕೊಬ್ಬಿನ ವಾಸನೆ ಕೋಣೆಯೆಲ್ಲ ತುಂಬಿತ್ತು, ನಿನ್ನ ಮಕ್ಕಳನ್ನ ಕೆಲಸದಿಂದ ತೆಗೀತೀಯ ಅಂತ ದೇವರು ಕಾಯ್ತಾನೇ ಇದ್ದ, ನಿನಗೆ ಅವನಿಗಿಂತ ಮಕ್ಕಳೇ ಹೆಚ್ಚಾದ್ರು, ಇಬ್ಬರೂ ಒಂದೇ ದಿನ ಸಾಯ್ತಾರೆ, ಅದೇ ನಿನಗೆ ಗುರುತು ಅಂದು ಬಂದ ಹಾಗೇ ಹೋದ. ದೇವರ ಚಿತ್ತ ಅಂದುಬಿಟ್ಟ ಇವನು, ಭಕ್ತಿಯ ಮಾತೇ, ಸೋಮಾರಿಯ ಬಾಯಲ್ಲಿ. ಮಾಡಿದ್ದೇನು, ಅವರನ್ನು ತೆಗೆದನಾ, ಇಲ್ಲ, ಒಟ್ಟಿಗೆ ಇರಲು ಬಿಡಲಿಲ್ಲ, ಅಷ್ಟೇ, ದೊಡ್ಡವನು ಪ್ರಯಾಣ ಹೊರಟರೆ ಚಿಕ್ಕವನನ್ನು ಮನೆಯಲ್ಲಿ ಕಟ್ಟಿಹಾಕಿದ, ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನನ್ನು ಬೇರೆ ಮನೆಗೆ ಅಟ್ಟಿದ, ಒಂದೇ ದಿನ ಅಂದನಲ್ಲವೇ, ಆ ಒಂದೇ ದಿನ ಬರದಂತೆ ನೋಡಿಕೊಂಡರಾಯಿತು ಎಂದು, ದೇವರ ಕಣ್ಣಿಗೆ ಮಣ್ಣೆರಚಲು ಹೊರಟ ಕುರುಡ. ಮಂಜೂಷಕ್ಕೆ ಮಾತ್ರ ಎರಡು ಬದಿಯಲ್ಲೂ ಕೋಲು, ಒಂದಕ್ಕೆ ದೊಡ್ಡವನ ಹೆಗಲು, ಇನ್ನೊಂದಕ್ಕೆ ಚಿಕ್ಕವನದು, ಇಬ್ಬರೂ ಹೋದರು, ಮೆಟ್ಟಿಲಿದೆ ಹುಷಾರು. ಮಾವಾ, ಯಾರೋ ಮೊಣಕೈ ಮುಟ್ಟಿದರು, ಚಿಕ್ಕ ಸೊಸೆ, ತುಂಬಿದ ಬಸುರಿ, ನಡೆದರೆ ಏದುಸಿರು, ಒಳಗೆ ಬನ್ನಿ ಮಾವ, ಬಿಸಿಲು ನೆತ್ತಿಗೆ ಬಂತು, ಇಲ್ಲೇ ಇರ್ತೀನಮ್ಮ, ಅವರು ಬರ್ತಾರಲ್ವಾ ಮಾವ, ಮಗು ಹುಟ್ಟೋ ಹೊತ್ತಿಗೆ ಬಂದೇ ಬರ್ತೀನಿ ಅಂದಿದ್ರು. ಬರ್ತಾನಮ್ಮ, ಎಂದ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು, ದೇವರೇ, ಒಬ್ಬನಾದರೂ ಬರಲಿ, ನೀನು ಆಡಿದ ಮಾತು ಸುಳ್ಳಾಗಲಿ, ನಿನ್ನ ಯಾಜಕ ಕೇಳಿಕೊಳ್ಳುತ್ತಿದ್ದಾನೆ, ಯಾವ ಮುಖ ಇಟ್ಟುಕೊಂಡು ಕೇಳುತ್ತಿದ್ದಾನೋ ಗೊತ್ತಿಲ್ಲ. ಸೊಸೆ ಹೋಗಲಿಲ್ಲ, ಅವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಳು.

ಊರೊಳಗಿಂದ ಒಂದು ಕೂಗು, ಹೆಂಗಸಿನದು, ಅದರ ಹಿಂದೆ ಇನ್ನೊಂದು, ಆಮೇಲೆ ಬೀದಿ ಬೀದಿಯೇ ಬಾಯಿ ಬಡಿದುಕೊಂಡ ಹಾಗೆ, ಸುದ್ದಿ ಹಿಂದಿನ ಬಾಗಿಲಿಂದ ಬಂದುಬಿಟ್ಟಿದೆ, ಇವನು ಇಲ್ಲಿ ಮುಂಬಾಗಿಲು ಕಾಯುತ್ತ ಕೂತಿದ್ದಾನೆ, ಏನದು ಗಲಾಟೆ, ಯಾರಾದರೂ ಹೇಳಿ, ಓಡುವ ಕಾಲು, ಬರಿಗಾಲು, ಬೆವರು ಮತ್ತು ಮಣ್ಣಿನ ವಾಸನೆ ಅವನ ಮುಂದೆ ಬಂದು ನಿಂತಿತು, ಯುದ್ಧದಿಂದ ಬಂದೆ ಸ್ವಾಮಿ. ಏನಾಯ್ತು ಮಗನೇ. ನಮ್ಮವರು ಓಡಿಹೋದ್ರು ಸ್ವಾಮಿ, ಹೆಣದ ಮೇಲೆ ಹೆಣ, ನಿಮ್ಮ ಮಗ — ಯಾವನು? ಕೇಳಿಯೇಬಿಟ್ಟ, ಎಂಥ ಆಸೆಯಿಂದ ಕೇಳಿದ, ಯಾವನು? ಇಬ್ಬರೂ ಸ್ವಾಮಿ. ಪಕ್ಕದಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ಕುಸಿದಳು, ಅವಳ ಕಡೆ ಕೈ ಚಾಚಬೇಕು, ಚಾಚುತ್ತಾನೆ, ಸಿಗುವುದಿಲ್ಲ, ಮತ್ತೆ ಮಂಜೂಷ, ಮಂಜೂಷ ಎಲ್ಲಪ್ಪಾ. ಅವರು ಹೊತ್ಕೊಂಡು ಹೋದ್ರು ಸ್ವಾಮಿ, ಶತ್ರುಗಳು. ಹೋಯಿತು, ಎಲ್ಲ ಹೋಯಿತು, ಪರದೆಯ ಹಿಂದೆ ಬರೀ ನೆಲ, ಮೈ ಹಿಂದಕ್ಕೆ ವಾಲುತ್ತಿದೆ, ಬೆನ್ನಿಗೆ ಏನೂ ಇಲ್ಲ, ಗಾಳಿ, ಕತ್ತಿನ ಹಿಂದೆ ಎಲ್ಲೋ ಕಲ್ಲು ಕಾಯುತ್ತಿದೆ, ಕ್ಷಮಿಸು ಅನ್ನಬೇಕು, ಈಗಲಾದರೂ ಆ ಒಂದು ಮಾತು, ಬಾಯಿ ತೆರೆದ, ಮತ್ತು ಕುರುಡುಗಣ್ಣಿಗೆ ಕಾಣುತ್ತಿದೆ, ನಿಚ್ಚಳವಾಗಿ, ಮೂರು ಮುಳ್ಳು, ಬಿಳಿ ಕೊಬ್ಬು, ಹತ್ತಿರ ಬರುತ್ತಿದೆ, ತೊಟ್ಟಿಕ್ಕುತ್ತಿದೆ, ಬಾಯಿ ಇನ್ನೂ ಅಗಲವಾಗಿ ತೆರೆಯಿತು, ಮೂರು ಮುಳ್ಳು, ಬಿಳಿ ಕೊಬ್ಬು