ಡಬಲ್ ಲಾಕ್ ಮಾವ

ನನ್ನ ಮಾವನವರು ಬಾಗಿಲಿಗೆ ಬೀಗ ಹಾಕುವುದಿಲ್ಲ, ಬಾಗಿಲನ್ನು ವಿಚಾರಣೆಗೆ ಗುರಿಪಡಿಸುತ್ತಾರೆ. ಮೊದಲು ಬೀಗ ಒತ್ತಿ ಗಟ್ಟಿಯಾಗಿ ಒಮ್ಮೆ ಎಳೆಯುತ್ತಾರೆ. ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದವರಂತೆ ಗಕ್ಕನೆ ಹಿಂದಿರುಗಿ, ಬೀಗಕ್ಕೆ ಸುಳಿವು ಕೊಡದೆ ಇನ್ನೊಮ್ಮೆ ಎಳೆಯುತ್ತಾರೆ. ಕೊನೆಗೆ ಗೇಟಿನ ಬಳಿ ನಿಂತು, 'ನಾನು ಹೋದೆ ಅಂದುಕೊಂಡೆಯಾ?' ಎಂಬಂತೆ ಅದರ ಕಡೆ ಓರೆನೋಟವೊಂದನ್ನು ಎಸೆಯುತ್ತಾರೆ. ಇಷ್ಟಾದ ಮೇಲೂ ಕಚ್ಚಿಕೊಂಡೇ ಇರುವ ಬೀಗವನ್ನು ಮಾತ್ರ ಅವರು ಮನೆಮಂದಿಯಲ್ಲಿ ಒಬ್ಬನೆಂದು ಒಪ್ಪುತ್ತಾರೆ. ಅಳಿಯನಾದ ನನಗೆ ಆ ಭಾಗ್ಯ ಇನ್ನೂ ಪೂರ್ತಿಯಾಗಿ ಲಭಿಸಿಲ್ಲ.

ಬ್ಯಾಂಕೊಂದರ ಭದ್ರಕೋಣೆಯ ಕೀಲಿಯನ್ನು ಯೌವನದಿಂದ ನಿವೃತ್ತಿಯವರೆಗೆ ಸೊಂಟದಲ್ಲಿ ಹೊತ್ತವರು ಅವರು. ಆ ಗೊಂಚಲಿನ ಭಾರಕ್ಕೆ ದೇಹ ಬಲಕ್ಕೆ ವಾಲಿತ್ತು. ನಿವೃತ್ತಿಯ ದಿನ ಗೊಂಚಲನ್ನು ಹಿಂದಿರುಗಿಸಿದರು, ವಾಲಿಕೆಯನ್ನು ಹಿಂದಿರುಗಿಸಲಾಗಲಿಲ್ಲ. ಇಂದಿಗೂ ಅವರು ರಸ್ತೆಯಲ್ಲಿ ನಡೆದು ಬರುವುದನ್ನು ದೂರದಿಂದ ಕಂಡರೆ, ಕಣ್ಣಿಗೆ ಕಾಣದ ಯಾವುದೋ ಮಗುವಿನ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಾರೇನೋ ಅನ್ನಿಸುತ್ತದೆ. ಒಳಜೇಬಿಗೆ ಗುಂಡಿ ಹೊಲಿಸಿದ ಕಂದು ಬಣ್ಣದ ಕೋಟೊಂದಿದೆ. ಆ ಜೇಬಿನಲ್ಲಿ ಈಗ ಕನ್ನಡಕ ಒರೆಸುವ ಬಟ್ಟೆಯ ಹೊರತು ಬೇರೇನೂ ಇಲ್ಲ, ಆದರೂ ಗುಂಡಿ ಹಾಕಿಯೇ ಇರುತ್ತದೆ.

ಬ್ಯಾಂಕಿನಲ್ಲಿ ಅವರಿಗೆ 'ಡಬಲ್ ಲಾಕ್' ಎಂದೇ ಹೆಸರು. ಭದ್ರಕೋಣೆಯ ಬಾಗಿಲಿಗೆ ಎರಡು ಕೀಲಿ. ಒಂದು ಇವರಲ್ಲಿ, ಇನ್ನೊಂದು ಮ್ಯಾನೇಜರರಲ್ಲಿ. ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಮುಖ ಆಚೆ ಮಾಡಬೇಕು. ಮ್ಯಾನೇಜರುಗಳು ಬಂದರು, ಹೋದರು, ಕೆಲವರು ಕೀಲಿಯನ್ನು ಮೇಜಿನ ಮೇಲೇ ಮರೆತು ಊಟಕ್ಕೂ ಹೋದರು. ಇವರು ಮಾತ್ರ ಆ ಮೇಜಿನ ಮುಂದೆ ಸಾಕ್ಷಿಗೊಬ್ಬರನ್ನು ಕೂರಿಸಿಕೊಂಡು, ಊಟ ಬಿಟ್ಟು, ಪರರ ಕೀಲಿಗೆ ಕಾವಲು ಕೂತರು.

ಸಾಕ್ಷಿ ಎಂದೊಡನೆ ನೆನಪಾಯಿತು. ಯಾರು ಏನೇ ಹೇಳಲಿ, ಮಾವನವರ ಬಾಯಿಂದ ಮೊದಲು ಉದುರುವುದು "ಯಾರು ಸಾಕ್ಷಿ?" ಎಂಬ ಎರಡು ಪದ. "ಹೊರಗೆ ಮಳೆ ಅಪ್ಪಾ" ಎಂದು ತೊಯ್ದು ತೊಪ್ಪೆಯಾಗಿ ನಿಂತ ಮಗಳಿಗೂ ಅದೇ ಪ್ರಶ್ನೆ. ನಮ್ಮ ಮದುವೆಯ ಮಾತುಕತೆಯ ದಿನ ನನ್ನ ತಂದೆ ಹೆಮ್ಮೆಯಿಂದ, "ಹುಡುಗ ಜವಾಬ್ದಾರಿ ಇರೋನು" ಅಂದಾಗಲೂ ಇವರು ತಲೆ ಎತ್ತಿ, "ಯಾರು ಸಾಕ್ಷಿ?" ಅಂದಿದ್ದರು. ನನ್ನ ತಂದೆ ತಾಯಿಯ ಕಡೆ ನೋಡಿದರು, ತಾಯಿ ಅಣ್ಣನ ಕಡೆ ನೋಡಿದಳು, ಅಣ್ಣ ಕಿಟಕಿಯ ಕಡೆ ನೋಡಿದ. ಆ ಪ್ರಶ್ನೆಗೆ ನಮ್ಮ ಕಡೆಯಿಂದ ಉತ್ತರ ಇನ್ನೂ ಹೋಗಿಲ್ಲ.

ಇಂಥವರ ಮನೆಗೆ ಕಂಪ್ಯೂಟರೊಂದನ್ನು ತಂದಿಟ್ಟ ಪುಣ್ಯಾತ್ಮ ನಾನೇ. ಅತ್ತೆಯವರಿಗೆ ಕಸೂತಿಯ ಕೈ. ಬಟ್ಟೆಯ ಮೇಲೆ ತಾನಾಗಿ ಚಿತ್ತಾರ ಬಿಡಿಸುವ ಹೊಲಿಗೆ ಯಂತ್ರ ಕೊಂಡಿದ್ದರು; ಅದಕ್ಕೆ ಚಿತ್ತಾರ ಉಣಿಸಲು ಕಂಪ್ಯೂಟರು ಬೇಕಿತ್ತು. ನಮ್ಮ ಹಳೆಯದನ್ನು ಹೊತ್ತು ತಂದು ಜೋಡಿಸಿದೆ. ಅಂದಿನಿಂದ ಬೀದಿಯಲ್ಲೆಲ್ಲ ನಾನು 'ಕಂಪ್ಯೂಟರ್ ಅಳಿಯ'. ನಿಜ ಹೇಳಬೇಕೆಂದರೆ ನಾನು ಪಾರ್ಸಲ್ ಕಂಪನಿಯೊಂದರಲ್ಲಿ ದಿನವಿಡೀ ಜನರ ವಿಳಾಸ ಕುಟ್ಟುವ ಗುಮಾಸ್ತ. ಯಂತ್ರ ಕೈಕೊಟ್ಟರೆ ಕೆಳಗಿನ ಅಂತಸ್ತಿನವನಿಗೆ ಫೋನು ಮಾಡುತ್ತೇನೆ, ಅವನು "ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾನೆ. ನನ್ನ ಸಮಸ್ತ ಪಾಂಡಿತ್ಯ ಅಷ್ಟೇ. ಆದರೆ ಆಲದ ಮರವಿಲ್ಲದ ಊರಲ್ಲಿ ಔಡಲವೇ ವೃಕ್ಷರಾಜ.

ಆ ಕಂಪ್ಯೂಟರಿನೊಳಗೆ ಆಂಟಿವೈರಸ್ ಎಂಬುದೊಂದಿದೆ, ಅದು ಹಗಲೂ ರಾತ್ರಿ ಕಾವಲು ಕಾಯುತ್ತದೆ ಎಂದು ತಿಳಿದ ದಿನ ಮಾವನವರ ಮುಖದಲ್ಲಿ ಮೂಡಿದ ಕಾಂತಿಯನ್ನು ನಾನು ಮರೆಯಲಾರೆ. ದೂರದೇಶದಲ್ಲಿ ತಮ್ಮ ಭಾಷೆಯವನೊಬ್ಬ ಸಿಕ್ಕಂತಾಗಿತ್ತು ಅವರಿಗೆ. ಅಂದಿನಿಂದ ಕೋಟು ತೊಟ್ಟೇ ಅದರ ಮುಂದೆ ಕೂತರು. ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದು 'ನೀವು ಅಪಾಯದಲ್ಲಿದ್ದೀರಿ' ಎಂದು ಕೂಗುವುದು, ಉಳಿದವರಿಗೆಲ್ಲ ತಲೆನೋವಾದದ್ದು, ಅವರಿಗೆ ಕರ್ತವ್ಯನಿಷ್ಠೆಯಾಗಿ ಕಂಡಿತು. ಸ್ಕ್ಯಾನ್ ಶುರುವಾದರೆ ಎದ್ದು ನಿಲ್ಲುತ್ತಿದ್ದರು. ಒಳಗಿನ ಫ್ಯಾನು ಗಿರಣಿಯಂತೆ ಗುಂಯ್ಗುಟ್ಟಿ, ಅತ್ತೆಯವರ ಯಂತ್ರ ಅರ್ಧ ಹೂವಿನಲ್ಲಿ ಸೂಜಿ ಎತ್ತಿ ನಿಂತುಬಿಡುತ್ತಿತ್ತು.

"ರೀ, ಅದನ್ನ ಸ್ವಲ್ಪ ಹೊತ್ತು ನಿಲ್ಲಿಸ್ರೀ, ದಳ ಅರ್ಧಕ್ಕೇ ನಿಂತಿದೆ."

"ತನಿಖೆ ನಡೀತಾ ಇದೆ. ಮೌಸ್ ಮುಟ್ಟಬೇಡ."

"ನನ್ನ ಗುಲಾಬಿ ಮೇಲೇನು ತನಿಖೆ?"

"ತಪ್ಪು ಮಾಡದೇ ಇರೋರಿಗೆ ತನಿಖೆ ಅಂದ್ರೆ ಭಯ ಯಾಕೆ?"

ಅತ್ತೆಯವರು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೂಲಕ ಉತ್ತರ ಕೊಡುತ್ತಿದ್ದರು.

ಆದರೆ ಒಬ್ಬನೇ ಕಾವಲುಗಾರನೆಂಬುದು ಮಾವನವರ ನಿದ್ದೆ ಕೆಡಿಸಿತು. ಅವನು ತೂಕಡಿಸಿದರೆ? ಕಳ್ಳನೊಂದಿಗೆ ಶಾಮೀಲಾದರೆ? ನನಗೆ ತಿಳಿಸದೆ, ಪತ್ರಿಕೆಯ ಜಾಹೀರಾತು ನೋಡಿ, ಇನ್ನೊಂದು ಆಂಟಿವೈರಸ್ ತಂದು ಅದರ ಪಕ್ಕದಲ್ಲೇ ಪ್ರತಿಷ್ಠಾಪಿಸಿದರು. ಒಂದೇ ಒರೆಯಲ್ಲಿ ಎರಡು ಕತ್ತಿ. ಹೊಸದು ಹಳೆಯದನ್ನು ಕಳ್ಳನೆಂದು ಹಿಡಿಯಿತು. ಹಳೆಯದು ಹೊಸದನ್ನು ದರೋಡೆಕೋರನೆಂದು ಹಿಡಿಯಿತು. ಇಬ್ಬರೂ ಪರಸ್ಪರ ಕೊರಳಪಟ್ಟಿ ಹಿಡಿದುಕೊಂಡು ನಿಂತ ಭರಕ್ಕೆ ಪರದೆ ನೀಲಿಗಟ್ಟಿತು. ನಾನು ಧಾವಿಸಿ ಬಂದು, ನನ್ನ ಪಾಂಡಿತ್ಯವನ್ನೆಲ್ಲ ಧಾರೆಯೆರೆದು, ಆಫ್ ಮಾಡಿ ಆನ್ ಮಾಡಿ, ಕೊನೆಗೆ ಕೆಳಗಿನ ಅಂತಸ್ತಿನವನ ಕೃಪೆಯಿಂದ ಹೊಸದನ್ನು ಕಿತ್ತುಹಾಕಿದೆ.

"ಹಾಗಾದ್ರೆ ಇವನ ಮೇಲೆ ಕಣ್ಣಿಡೋರು ಯಾರು, ಅಳಿಯಂದ್ರೇ?" ಎಂದರು ಮಾವನವರು, ನೌಕರಿ ಹೋದವನ ಪರ ಮಾತಾಡುವ ಸಂಘದ ಮುಖಂಡನಂತೆ.

ಆಗ ಹುಟ್ಟಿದ್ದು ಆ ಮಹಾ ಏರ್ಪಾಡು. ಆಂಟಿವೈರಸ್ಸಿಗೊಂದು ಪಾಸ್‌ವರ್ಡ್ ಇಡಬಹುದು, ಅದಿಲ್ಲದೆ ಅದರ ತೀರ್ಪನ್ನು ಯಾರೂ ಬದಲಿಸಲಾಗದು ಎಂದು ನಾನು ಬಾಯಿ ತಪ್ಪಿ ಹೇಳಿದ್ದೆ. ಮಾವನವರ ಕಣ್ಣು ಮಿಂಚಿತು. ಪಾಸ್‌ವರ್ಡಿನ ಮೊದಲರ್ಧ ಅವರದು, ಎರಡನೆಯ ಅರ್ಧ ಅತ್ತೆಯವರದು. ಅವರು ಒತ್ತುವಾಗ ಅತ್ತೆ ಗೋಡೆಗೆ ಮುಖ. ಅತ್ತೆ ಒತ್ತುವಾಗ ಅವರು ಗೋಡೆಗೆ ಮುಖ. ಅಳಿಯನಾದ ನಾನು ಎರಡು ಸಲವೂ ಗೋಡೆಗೆ ಮುಖ. ಹಾಗೆ ನಿಂತು ಕ್ಯಾಲೆಂಡರಿನ ಚಿತ್ರದಲ್ಲಿದ್ದ ಬೆಕ್ಕಿನ ಮೀಸೆ ಎಣಿಸುತ್ತಿರುವಾಗ ಹಿಂದಿನಿಂದ ಕೇಳಿದ್ದು ಮೊದಲು ಮಾವನವರ ಒಂಟಿ ಬೆರಳಿನ ಗಂಭೀರವಾದ ಟಕ್... ಟಕ್, ಆಮೇಲೆ ಅತ್ತೆಯವರ ಚುರುಕಾದ ಟಕಟಕಟಕ. "ಆಯ್ತು, ತಿರುಗಿ" ಎಂದರು ಅತ್ತೆ. ಮಾವನವರು ಬೆವರು ಒರೆಸಿಕೊಂಡು, ಕೋಟಿನ ಒಳಜೇಬನ್ನು ಮುಟ್ಟಿ ನೋಡಿಕೊಂಡರು.

ವರ್ಷಕ್ಕೂ ಹೆಚ್ಚು ಕಾಲ ಈ ಏರ್ಪಾಡು ಸುಗಮವಾಗಿಯೇ ನಡೆಯಿತು. ಆಂಟಿವೈರಸ್ ಆಗಾಗ ಮುನಿಯುತ್ತಿತ್ತು, ಇಬ್ಬರೂ ಬಂದು ಸರದಿಯಂತೆ ಗೋಡೆ ನೋಡಿ ಅದನ್ನು ಸಮಾಧಾನಪಡಿಸುತ್ತಿದ್ದರು. ಹಾಗಿರುವಾಗ ಅತ್ತೆಯವರಿಗೆ ಮೊದಲ ದೊಡ್ಡ ಕೆಲಸ ಬಂತು. ಬಡಾವಣೆಯ ಮಕ್ಕಳ ವಾದ್ಯವೃಂದಕ್ಕೆ ಟೋಪಿಗಳು. ಪ್ರತಿ ಟೋಪಿಯ ಮೇಲೂ ಒಂದು ಕಹಳೆ. ಆ ಕಹಳೆಯನ್ನು ಅತ್ತೆಯವರು ತಾವೇ ಬರೆದಿದ್ದರು, ವಾರಗಟ್ಟಲೆ ಅಳಿಸಿ ಬರೆದು, ಅದರ ಬಾಯಿಯ ಬಾಗು ಸರಿಬರಲಿಲ್ಲವೆಂದು ಊಟದ ತಟ್ಟೆಯಲ್ಲೂ ಬೆರಳಿಂದ ಗೀಚಿ. ಭಾನುವಾರ ಮಕ್ಕಳ ಮೊದಲ ಕಚೇರಿ. ಶುಕ್ರವಾರ ಬೆಳಿಗ್ಗೆ ಯಂತ್ರಕ್ಕೆ ದಾರ ಪೋಣಿಸಿ ಕೂತರೆ, ಕಹಳೆ ಇಲ್ಲ. ಚಿತ್ತಾರದ ಪ್ರೋಗ್ರಾಮೇ ಇಲ್ಲ. ಅದನ್ನು ಬರೆದುಕೊಟ್ಟವನು ಹೊಲಿಗೆ ಯಂತ್ರದ ರಿಪೇರಿಯವ. ಊರುಕೇರಿ ಗೊತ್ತಿಲ್ಲದ ಆ ಪ್ರೋಗ್ರಾಮನ್ನು ಆಂಟಿವೈರಸ್ ಅಪಾಯಕಾರಿ ಎಂದು ಘೋಷಿಸಿ, ಕಹಳೆಯ ಸಮೇತ ಕ್ವಾರಂಟೈನಿಗೆ ತಳ್ಳಿತ್ತು.

ಇದು ಎಂದಿನಂತೆ ಗೋಡೆ ನೋಡಿ ಮುಗಿಸಬಹುದಾದ ಜಗಳವೇ. ಆದರೆ ಮಾವನವರು ಕನ್ನಡಕ ಏರಿಸಿ, ಹೆಂಡತಿಯ ಕಡೆ ತಿರುಗಿ ಕೇಳಿಬಿಟ್ಟರು: "ಇದರೊಳಗೆ ಏನು ಹಾಕಿದ್ದೆ ನೀನು?"

"ಕಹಳೆ ಹಾಕಿದ್ದೆ."

"ಬರೀ ಕಹಳೆಗೆ ಅದು ಹೀಗನ್ನಲ್ಲ. ಅದು ಸುಮ್ಮಸುಮ್ಮನೆ ಸುಳ್ಳು ಹೇಳಲ್ಲ."

"ಅಂದ್ರೆ ನಾನು ಹೇಳ್ತೀನಾ?"

ಮಾವನವರು ಇಲ್ಲ ಅನ್ನಬೇಕಿತ್ತು. ಜೀವಮಾನದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕೂತಿತ್ತು.

"ಯಾರು ಸಾಕ್ಷಿ?"

ಅತ್ತೆಯವರು ಈ ಸಲ ಅಡುಗೆಮನೆಗೆ ಹೋಗಲಿಲ್ಲ. ಪಾತ್ರೆಗಳು ಸದ್ದು ಮಾಡಲಿಲ್ಲ. ಸೂಜಿಡಬ್ಬಿಯನ್ನೂ ಒಂದಷ್ಟು ಟೋಪಿಗಳನ್ನೂ ಚೀಲಕ್ಕೆ ಹಾಕಿಕೊಂಡು, ಪಕ್ಕದ ಬೀದಿಯ ತಂಗಿಯ ಮನೆಗೆ ನಡೆದುಬಿಟ್ಟರು. ಹೋಗುವಾಗ ಬಾಗಿಲನ್ನು ಹಾರುಹೊಡೆದಂತೆ ತೆರೆದಿಟ್ಟೇ ಹೋದರು. ಆ ಮನೆಯಲ್ಲಿ ಅದಕ್ಕಿಂತ ಕಟುವಾದ ಬೈಗುಳ ಇರಲಿಲ್ಲ.

ಸಂಜೆ ನಾನು ಬಂದಾಗ ಮಾವನವರು ಕೋಟು ತೊಟ್ಟು ಪರದೆಯ ಮುಂದೆ ಕೂತಿದ್ದರು. ಪಾಸ್‌ವರ್ಡಿನ ಚೌಕ ತೆರೆದಿತ್ತು. ವಾದ್ಯವೃಂದದ ಮೇಷ್ಟ್ರು ಆಗಲೇ ಮತ್ತೆ ಮತ್ತೆ ಫೋನು ಮಾಡಿದ್ದರಂತೆ. ನಾಳೆಯೊಳಗೆ ಟೋಪಿ ಆಗದಿದ್ದರೆ ಬೇರೆಯವರಿಗೆ ಕೊಡುವುದಾಗಿ ಹೇಳಿದ್ದರು.

"ನಿಮ್ಮರ್ಧ ಒತ್ತಿ ನೋಡಿ ಮಾವ, ಆಮೇಲೆ ಅತ್ತೆಯವರದ್ದನ್ನ ಏನಾದ್ರೂ ಊಹೆ ಮಾಡೋಣ. ನಿಮ್ಮ ಹೆಸರು ಇರಬಹುದು."

"ಅಳಿಯಂದ್ರೇ, ಒಂದೇ ಕೀಲಿ ಇಟ್ಕೊಂಡು ಬಾಗಿಲ ಹತ್ರ ಹೋಗೋದಕ್ಕೆ ಬ್ಯಾಂಕಲ್ಲಿ ಏನಂತಾರೆ ಗೊತ್ತಾ?"

"ಏನಂತಾರೆ?"

"ಕಳ್ಳತನದ ಅಭ್ಯಾಸ ಅಂತಾರೆ."

ನಾನಾಗಿದ್ದರೆ ಪಾಸ್‌ವರ್ಡ್ ಇಟ್ಟ ದಿನವೇ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವಳ ಹುಟ್ಟಿದ ದಿನದಿಂದ ಹಿಡಿದು ಅವಳ ಸೋದರಮಾವನ ಅಡ್ಡಹೆಸರಿನವರೆಗೆ ಎಲ್ಲವನ್ನೂ ಕುಟ್ಟಿ ನೋಡಿರುತ್ತಿದ್ದೆ. ಈ ಮನುಷ್ಯ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಎದ್ದರು. "ಬನ್ನಿ, ನೀವೂ ಬೇಕು" ಎಂದರು. ಬೀಗ ಹಾಕಿದರು, ಒಮ್ಮೆ ಎಳೆದರು. ಅಷ್ಟೇ. ಹಿಂದಿರುಗಿ ನೋಡಲಿಲ್ಲ. ಬಲಕ್ಕೆ ವಾಲಿಕೊಂಡು ಎಷ್ಟು ಬಿರುಸಾಗಿ ನಡೆದರೆಂದರೆ ನಾನು ಓಡಬೇಕಾಯಿತು.

ತಂಗಿಯ ಮನೆಯಲ್ಲಿ ಅತ್ತೆಯವರು ಕಿಟಕಿಯ ಬಳಿ ಕೂತು ಟೋಪಿಯೊಂದಕ್ಕೆ ಕೈಯಲ್ಲೇ ಕಹಳೆ ಹೊಲಿಯುತ್ತಿದ್ದರು. ತಂಗಿ ಬಾಗಿಲಲ್ಲೇ ನಮ್ಮನ್ನು ತಡೆದು, "ಯಾರು ಬೇಕಿತ್ತು? ಗುರುತಿನ ಚೀಟಿ ಇದೆಯಾ ಭಾವ?" ಎಂದಳು. ಮಾವನವರು ನಿಜವಾಗಿಯೂ ಜೇಬಿಗೆ ಕೈ ಹಾಕಿದರು. ಅವಳು ನಗು ತಡೆಯಲಾರದೆ ಪಕ್ಕಕ್ಕೆ ಸರಿದಳು.

ತಪ್ಪಾಯಿತು ಎಂಬ ಮಾತು ಮಾವನವರ ಬಾಯಿಂದ ಬಂದುದನ್ನು ಆ ಮನೆತನದಲ್ಲಿ ಕೇಳಿದವರಿಲ್ಲ. ಅಂದೂ ಯಾರೂ ಕೇಳಲಿಲ್ಲ. ಅವರು ಹೆಂಡತಿಯ ಬಳಿ ಹೋಗಿ ಮೊಣಕಾಲೂರಿ ಬಗ್ಗಿದರು. ನನ್ನ ಕಡೆ ತಿರುಗಿ, "ಅಳಿಯಂದ್ರೇ, ನೀವು ಸಾಕ್ಷಿ. ಆ ಕಡೆ ತಿರುಗಿ" ಎಂದರು. ನಾನು ತಿರುಗಿದೆ, ಗೋಡೆಯಲ್ಲಿ ಒಂದು ಗಡಿಯಾರವಿತ್ತು. ಬೆನ್ನ ಹಿಂದೆ ಪಿಸುಮಾತು ಕೇಳಿಸಿತು, ಮಾತು ಮಾತ್ರ ತಿಳಿಯಲಿಲ್ಲ. ಅವರು ಹೆಂಡತಿಯ ಕಿವಿಯಲ್ಲಿ ತಮ್ಮ ಅರ್ಧವನ್ನು ಹೇಳಿಬಿಟ್ಟಿದ್ದರು.

"ಈಗ ಎರಡೂ ನಿನ್ನ ಹತ್ರಾನೇ ಇದೆ. ಹೋಗಿ ತೆಗಿ. ನಾನು ಹೊರಗೆ ನಿಂತಿರ್ತೀನಿ."

ಅತ್ತೆಯವರ ಸೂಜಿ ನಿಂತಿತು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, "ಏಳ್ರೀ, ಮೊಣಕಾಲು ಹಿಡ್ಕೊಳ್ಳುತ್ತೆ. ಕೆಲಸ ಎಷ್ಟು ಬಾಕಿ ಇದೆ" ಎಂದರು.

ಮನೆಗೆ ಬಂದ ಮೇಲೆ ಅತ್ತೆಯವರು ಮಾವನವರನ್ನು ಹೊರಗೆ ನಿಲ್ಲಲು ಬಿಡಲಿಲ್ಲ. "ನಿಮ್ಮದನ್ನ ನೀವೇ ಒತ್ತಿ" ಎಂದು ತಾವು ಗೋಡೆಗೆ ತಿರುಗಿದರು. ಟಕ್... ಟಕ್. ಆಮೇಲೆ ಮಾವನವರು ತಿರುಗಿದರು, ನಾನೂ ತಿರುಗಿದೆ. ಟಕಟಕಟಕ. ಕಹಳೆ ಬಿಡುಗಡೆಯಾಯಿತು. ಶನಿವಾರ ಸಂಜೆಯವರೆಗೂ ಯಂತ್ರ ಓಡಿತು; ಮಾವನವರು ಕೋಟು ಕಳಚಿಟ್ಟು ಟೋಪಿಗಳ ಬಿಟ್ಟ ದಾರ ಕತ್ತರಿಸಿದರು. ನಡುವೆ ಆಂಟಿವೈರಸ್ ಸ್ಕ್ಯಾನ್ ಶುರುಮಾಡಿದಾಗ ಎದ್ದು ನಿಲ್ಲಲಿಲ್ಲ. "ಸ್ವಲ್ಪ ಸುಮ್ಮನಿರಯ್ಯ" ಎಂದರು ಅದಕ್ಕೆ.

ಭಾನುವಾರ ಮಕ್ಕಳು ಕಹಳೆಯ ಟೋಪಿ ತೊಟ್ಟು ಬಹಳ ಕೆಟ್ಟದಾಗಿ ಬಾರಿಸಿದರು. ಮಾವನವರು ಮುಂದಿನ ಸಾಲಿನಲ್ಲಿ ಕೂತು ಟೋಪಿಗಳನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಅತ್ತೆಯವರ ಪಕ್ಕ ಕೂತಿದ್ದ ನಾನು ಆ ಗದ್ದಲದ ಮರೆಯಲ್ಲಿ ಕೇಳಿದೆ: "ಅತ್ತೆ, ನಿಮ್ಮರ್ಧ ಅಷ್ಟು ಬೇಗ ಹೇಗೆ ಒತ್ತುತ್ತೀರಿ?"

"ಯಾವ ಅರ್ಧ?" ಎಂದರು ಅವರು, ಕಣ್ಣನ್ನು ವೇದಿಕೆಯಿಂದ ಕದಲಿಸದೆ. "ಇಟ್ಟ ದಿನ ನನಗೇನೂ ತೋಚಲೇ ಇಲ್ಲ. ಮೇಜಿನ ಮೇಲೆ ಉಗುರು ಕುಟ್ಟಿ, ಎಂಟರ್ ಒತ್ತಿದೆ. ಅವತ್ತಿಂದ ಅದೇ. ಅವರದ್ದೊಂದೇ ಪೂರ್ತಿ ಪಾಸ್‌ವರ್ಡು."

ನಾನು ಅವರ ಕಡೆ ತಿರುಗಿದೆ. "ಅವರು ಒಬ್ಬರೇ ಒಂದು ಸಲ ಒತ್ತಿ ನೋಡಿದ್ರೂ ಗೊತ್ತಾಗಿಬಿಡ್ತಿತ್ತಲ್ಲ?"

"ಹೌದು" ಎಂದರು ಅತ್ತೆ. "ನೋಡಲಿಲ್ಲವಲ್ಲ."

ಕಾವಲು ಕಾಯುವವರ ಕುಲವೇ ಹೀಗೆ. ನೆರಳು ಕಂಡರೂ ಸಾಕ್ಷಿ ಕೇಳುತ್ತಾರೆ, ಮನೆಯವರ ಗುಲಾಬಿಯನ್ನೂ ತಡೆದು ತಪಾಸಣೆ ಮಾಡುತ್ತಾರೆ, ತಮ್ಮವರನ್ನೇ ಹೊರಗಿಟ್ಟು ಬಾಗಿಲು ಭದ್ರವಾಯಿತೆಂದು ನೆಮ್ಮದಿಯಿಂದ ಉಸಿರು ಬಿಡುತ್ತಾರೆ. ಅವರೊಡನೆ ಬಾಳುವುದೆಂದರೆ ಅರ್ಧ ಹೂವಿನಲ್ಲಿ ಸೂಜಿ ಎತ್ತಿ ಕಾಯುವುದೇ. ಆದರೆ ಊರಿನ ಬೀಗಗಳೆಲ್ಲ ನಿಂತಿರುವುದು ಕಬ್ಬಿಣದ ಬಲದಿಂದಲ್ಲ. ತೆರೆದೇ ಇರುವ ಬಾಗಿಲನ್ನು ಒಬ್ಬನೇ ಇದ್ದಾಗ ತಳ್ಳಿ ನೋಡದ ಇಂಥ ನಾಲ್ಕು ಜನರಿಂದ. ನಾನು ಆ ಕುಲದವನಲ್ಲ. ಈಗಲೂ ಆ ಮನೆಗೆ ಹೋದಾಗ ಕರೆ ಬಂದರೆ ಬಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಬೆನ್ನ ಹಿಂದೆ ಬರಿಯ ಮೇಜಿನ ಮೇಲೆ ಉಗುರುಗಳ ಟಕಟಕ ಕೇಳಿಸುತ್ತದೆ, ಪಕ್ಕದಲ್ಲಿ ಮಾವನವರು ನನ್ನಂತೆಯೇ ಗೋಡೆ ನೋಡುತ್ತ, ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ನಿಂತಿರುತ್ತಾರೆ.